ಹೆಜ್ಜೆಗಿಂತ ಮೊದಲು ಬೆರಳು ನೋಡಿ

ಪ್ರಶ್ನೆ: ನನ್ನ ಮಗಳಿಗೆ ಈಗ 14 ತಿಂಗಳು. ಐದು ವಾರ ಮುಂಚೆಯೇ ಹುಟ್ಟಿದವಳು. ಇನ್ನೂ ನಡೆಯುತ್ತಿಲ್ಲ. ಅಂಬೆಗಾಲನ್ನೂ ಇಡಲಿಲ್ಲ, ಕೂತಲ್ಲಿಂದಲೇ ಕುಂಡೆ ತೆವಳಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಮಾತು ಅಂದರೆ ಅಮ್ಮ, ತಾತ, ಎರಡೇ. ನಾದಿನಿಯ ಮಗ 10 ತಿಂಗಳಿಗೇ ಓಡಾಡಿದ, ಅತ್ತೆ ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾರೆ. ಮೈದುನ ವಾಕರ್ ತಂದುಕೊಟ್ಟಿದ್ದಾನೆ. ಮೊದಲ ನಗು, ಮೊದಲ ಹಲ್ಲು ಎಲ್ಲದರ ತಾರೀಕನ್ನೂ ಒಂದು ನೋಟ್‌ಬುಕ್‌ನಲ್ಲಿ ಆಸೆಯಿಂದ ಬರೆದಿಡುತ್ತಿದ್ದೆ. ಈಗ ಅದನ್ನು ತೆಗೆದರೆ ಮಾರ್ಕ್ಸ್ ಕಾರ್ಡ್ ನೋಡಿದ ಹಾಗೆ ಹೊಟ್ಟೆ ಕಿವುಚುತ್ತದೆ. ಏಳನೇ ತಿಂಗಳಿಗೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದು ತಪ್ಪಾಯಿತೇ? ಊಟವೂ ಸರಿಯಿಲ್ಲ. ಬಾಟಲಿ ಹಾಲೇ ಜಾಸ್ತಿ. ಮೊಬೈಲ್ ಮುಂದಿಟ್ಟರೆ ಮಾತ್ರ ಅನ್ನಕ್ಕೆ ಬಾಯಿ ತೆರೆಯುತ್ತಾಳೆ.
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳೋಣ. ಐದು ವಾರ ಮುಂಚೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಅಳೆಯುವಾಗ ಆ ಐದು ವಾರ ಕಳೆಯಬೇಕು. ಎರಡು ವರ್ಷ ತುಂಬುವವರೆಗೂ ಹೀಗೇ. ಅಂದರೆ ನಿಮ್ಮ ಮಗಳಿಗೆ ನಮ್ಮ ಲೆಕ್ಕದಲ್ಲಿ ಇನ್ನೂ 13 ತಿಂಗಳು ತುಂಬಿಲ್ಲ. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ, ಅಲ್ಲಿ ಕಳೆಯುವಂತಿಲ್ಲ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಇಷ್ಟು ಹೇಳಿ ಕಳಿಸಿದ್ದರೆ ಎಷ್ಟೋ ತಾಯಂದಿರ ನಿದ್ದೆ ಉಳಿಯುತ್ತಿತ್ತು.

ಇನ್ನು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ನಮ್ಮ ಕಡೆಯಿಂದ ಅದರಲ್ಲಿದ್ದದ್ದು ದೆಹಲಿಯ ಮಕ್ಕಳು. ಯಾರ ಆಸರೆಯೂ ಇಲ್ಲದೆ ನಡೆಯುವುದಕ್ಕೆ ಅವರು ಕಂಡ ಅವಧಿ 8.2 ತಿಂಗಳಿಂದ 17.6 ತಿಂಗಳು. ಒಂಬತ್ತು ತಿಂಗಳಿಗಿಂತಲೂ ಉದ್ದವಾದ ಬಾಗಿಲು ಅದು. ನಿಮ್ಮ ನಾದಿನಿಯ ಮಗ ಬಾಗಿಲು ತೆರೆದ ಕೂಡಲೇ ನುಗ್ಗಿದ, ನಿಮ್ಮ ಮಗಳು ಇನ್ನೂ ಅಂಗಳದಲ್ಲಿ ಆಡುತ್ತಿದ್ದಾಳೆ, ಬಾಗಿಲಂತೂ ಮುಚ್ಚಿಲ್ಲ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಅಂಬೆಗಾಲೇ ಇಡಲಿಲ್ಲ, ನೇರವಾಗಿ ಎದ್ದು ನಡೆದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿದಾಗ ಅಂಬೆಗಾಲನ್ನು ಪಟ್ಟಿಯಿಂದಲೇ ಕೈಬಿಟ್ಟಿತು.

ಕುಂಡೆ ತೆವಳುವ ಮಕ್ಕಳದ್ದು ಬೇರೆಯದೇ ಒಂದು ಪಂಗಡ. ನನಗಂತೂ ಈ ಮಕ್ಕಳನ್ನು ಕಂಡರೆ ಒಂದು ಬಗೆಯ ಅಕ್ಕರೆ. ಮಹಾರಾಜರ ಹಾಗೆ ಕೂತೇ ಸವಾರಿ ಹೊರಡುತ್ತಾರೆ, ಕೈಯಲ್ಲಿ ಚಮಚವನ್ನೋ ಚಪ್ಪಲಿಯನ್ನೋ ಹಿಡಿದುಕೊಂಡೇ ಹೋಗುತ್ತಾರೆ, ಅಂಬೆಗಾಲಿನವರಿಗೆ ಆ ಸೌಲಭ್ಯವೆಲ್ಲಿ? ಇವರು ಬೋರಲು ಮಲಗಲು ಒಪ್ಪುವುದೇ ಕಡಿಮೆ. ಕಂಕುಳಲ್ಲಿ ಕೈಕೊಟ್ಟು ಎತ್ತಿ ನಿಲ್ಲಿಸಲು ಹೋದರೆ ಕಾಲು ಕೆಳಗಿಡುವ ಬದಲು ಮುಂದಕ್ಕೆ ಚಾಚಿ, ಗಾಳಿಯಲ್ಲೇ ಕುರ್ಚಿ ಹಾಕಿಕೊಂಡು ಕೂತ ಹಾಗೆ ಇರುತ್ತಾರೆ. ನಿಮ್ಮ ಮಗಳೂ ಹಾಗೆ ಮಾಡುತ್ತಾಳಾ ನೋಡಿ. ಇವರು ನಡೆಯುವುದು ಸಾಮಾನ್ಯವಾಗಿ ತಡ. 18 ತಿಂಗಳು ದಾಟುವವರು, ಎರಡು ವರ್ಷದ ಹತ್ತಿರ ಹೋಗುವವರೂ ಇದ್ದಾರೆ. ಅನೇಕ ಮನೆಗಳಲ್ಲಿ ಇದು ವಂಶದಲ್ಲೇ ಬಂದಿರುತ್ತದೆ. ಅತ್ತೆಯವರನ್ನೇ ಕೇಳಿ, ‘ನಿಮ್ಮ ಮಕ್ಕಳಲ್ಲಿ ಯಾರಾದರೂ ತೆವಳಿದ್ದರಾ?’ ಅಂತ. ಹತ್ತು ತಿಂಗಳಿಗೇ ಓಡಿದವನ ಕಥೆ ಹೇಳುವವರು ತೆವಳಿದವನ ಕಥೆಯನ್ನು ಮರೆತಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಹಾಗಂತ ತೆವಳುವ ಮಗುವನ್ನು ಒಮ್ಮೆಯೂ ಪರೀಕ್ಷಿಸದೆ ಬಿಡಬಾರದು. ಮಕ್ಕಳ ವೈದ್ಯರು ಕೈಕಾಲಿನ ಬಿಗಿ ನೋಡುತ್ತಾರೆ, ಸೊಂಟದ ಕೀಲು ಸರಿಯಿದೆಯೇ, ಎರಡೂ ಕಾಲಿನ ಉದ್ದ ಒಂದೇ ಇದೆಯೇ ನೋಡುತ್ತಾರೆ. ಮನೆಯಲ್ಲಿ ನೀವು ಗಮನಿಸಬೇಕಾದದ್ದು, ತೆವಳುವಾಗ ಒಂದೇ ಕಡೆಗೆ ವಾಲುತ್ತಾಳೆಯೇ, ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದೇ ಇಟ್ಟುಕೊಳ್ಳುತ್ತಾಳೆಯೇ ಎಂಬುದು. ವರ್ಷ ತುಂಬುವ ಮೊದಲೇ ‘ನಮ್ಮ ಮಗು ಎಡಚ’ ಎಂದು ಯಾರಾದರೂ ನಗುತ್ತಾ ಹೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ಅಷ್ಟು ಬೇಗ ಒಂದು ಕೈಯನ್ನು ಬಿಟ್ಟುಕೊಟ್ಟಿದೆ ಅಂದರೆ ಆ ಇನ್ನೊಂದು ಕೈಯಲ್ಲಿ ಏನೋ ತೊಂದರೆ ಇರಬಹುದು.

ಇಷ್ಟು ನಿಮ್ಮ ಪ್ರಶ್ನೆಗೆ. ಈಗ ನೀವು ಕೇಳದೇ ಬಿಟ್ಟ ಪ್ರಶ್ನೆಗೆ ಬರುತ್ತೇನೆ, ನನಗೆ ಅದೇ ದೊಡ್ಡದು. ನಿಮ್ಮ ಮಗಳು ಬೆರಳು ಮಾಡಿ ತೋರಿಸುತ್ತಾಳಾ?

ನಮ್ಮಲ್ಲಿ ಮಗು ಹೊಸಿಲು ದಾಟಿದರೆ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ ಸಿಹಿ ಹಂಚುವ ಮನೆಗಳಿವೆ. ಅನ್ನಪ್ರಾಶನ ಇದೆ, ಕೂದಲು ತೆಗೆಸುವುದಿದೆ, ಕಿವಿ ಚುಚ್ಚಿಸುವುದಿದೆ. ಮೊದಲ ಹಲ್ಲಿಗೂ ಫೋನ್ ಹೋಗುತ್ತದೆ. ಆದರೆ ಮಗು ಮೊದಲ ಸಲ ತೋರುಬೆರಳು ಚಾಚಿ, ಕಿಟಕಿಯಾಚೆಯ ಕಾಗೆಯನ್ನು ತೋರಿಸಿ, ತಿರುಗಿ ಅಮ್ಮನ ಮುಖ ನೋಡಿದ ದಿನಕ್ಕೆ ಯಾವ ಮನೆಯಲ್ಲೂ ಪಾಯಸ ಮಾಡಿದ್ದನ್ನು ನಾನು ಕಂಡಿಲ್ಲ. ನಿಮ್ಮ ನೋಟ್‌ಬುಕ್‌ನಲ್ಲೂ ಅದರ ತಾರೀಕು ಇರಲಿಕ್ಕಿಲ್ಲ. ಹದಿನೆಂಟು ತಿಂಗಳೊಳಗಿನ ಮಗುವಿನಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಬೆರಳು ತೋರಿಸುವುದರಲ್ಲಿ ಎರಡು ಬಗೆ. ಒಂದು ‘ಅದು ಬೇಕು’ ಅನ್ನುವುದು, ಡಬ್ಬಿಯ ಮೇಲಿನ ಬಿಸ್ಕತ್ತಿಗೆ. ಇನ್ನೊಂದು ‘ಅಗೋ, ಅಲ್ನೋಡು’ ಅನ್ನುವುದು. ಎರಡನೆಯದರಲ್ಲಿ ಮಗುವಿಗೆ ಆ ಕಾಗೆ ಬೇಕಾಗಿಲ್ಲ. ತಾನು ಕಂಡದ್ದನ್ನು ನೀವೂ ಕಾಣಬೇಕು, ಅಷ್ಟೇ. ಅದಕ್ಕಾಗಿ ಕಾಗೆ ನೋಡುತ್ತದೆ, ನಿಮ್ಮನ್ನು ನೋಡುತ್ತದೆ, ಮತ್ತೆ ಕಾಗೆ ನೋಡುತ್ತದೆ. ನಿಮ್ಮ ಮನಸ್ಸೆಂಬುದು ಬೇರೆ ಇದೆ, ಅದನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು ಎಂಬುದು ಮಗುವಿಗೆ ಗೊತ್ತಾಗಿದೆ. ಮಾತು ಹುಟ್ಟುವುದು ಈ ನೆಲದಲ್ಲಿ. ಹೆಚ್ಚಿನ ಮಕ್ಕಳಲ್ಲಿ ಇದು 10ರಿಂದ 14 ತಿಂಗಳ ನಡುವೆ ಕಾಣಿಸುತ್ತದೆ. 18 ತಿಂಗಳಾದರೂ ಕಾಣಿಸದಿದ್ದರೆ, ಮಗು ಮನೆಯೆಲ್ಲ ಓಡಾಡುತ್ತಿದ್ದರೂ, ತೋರಿಸಲೇಬೇಕು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದಷ್ಟು ಬದಲಿಸಿದ್ದೇನೆ. ಒಂಬತ್ತೂವರೆ ತಿಂಗಳಿಗೆ ನಡೆದವನು. ಆ ವಿಡಿಯೋ ಇಡೀ ಬಳಗಕ್ಕೆ ಹೋಗಿತ್ತು. ಎರಡೂವರೆ ವರ್ಷಕ್ಕೆ ‘ಮಾತು ಬಂದಿಲ್ಲ’ ಎಂದು ನನ್ನ ಹತ್ತಿರ ಕರೆತಂದರು. ನೀರು ಬೇಕಾದರೆ ಏನು ಮಾಡುತ್ತಾನೆ ಅಂದೆ. ‘ತುಂಬಾ ಜಾಣ ಡಾಕ್ಟ್ರೇ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಫಿಲ್ಟರ್ ನಲ್ಲಿಯ ಮೇಲೆ ಇಡ್ತಾನೆ’ ಅಂದರು ತಾಯಿ. ಕೈ ಹಿಡಿದ, ಮುಖ ನೋಡಲಿಲ್ಲ. ಅಮ್ಮನ ಕೈ ಅವನಿಗೆ ಒಂದು ಸಲಕರಣೆಯಾಗಿತ್ತು. ಆಟಿಸಂ, ಅಂದರೆ ಇತರರೊಂದಿಗೆ ಬೆರೆಯುವುದೂ ಮಾತೂ ಬೇರೆ ರೀತಿ ಬೆಳೆಯುವ ಸ್ಥಿತಿ, ಎಂದು ಗುರುತಿಸುವ ಹೊತ್ತಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದುಹೋಗಿತ್ತು. ಬೇಗ ನಡೆದದ್ದೇ ಎಲ್ಲರ ಕಣ್ಣಿಗೆ ಪೊರೆ ಕಟ್ಟಿತ್ತು. ಅವನು ಈಗ ಮಾತಾಡುತ್ತಾನೆ, ಶಾಲೆಗೆ ಹೋಗುತ್ತಾನೆ. ಆದರೆ ಆ ಒಂದು ವರ್ಷದ ಬಗ್ಗೆ ಆ ತಾಯಿ ಇವತ್ತಿಗೂ ಕೇಳುತ್ತಾರೆ, ನನ್ನ ಹತ್ತಿರ ಉತ್ತರವಿಲ್ಲ.

ಬೇಗ ನಡೆದರೆ ಬುದ್ಧಿವಂತ ಅನ್ನುವ ನಂಬಿಕೆಗೂ ಬುಡವಿಲ್ಲ. ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ 18 ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ, ಆರೋಗ್ಯವಂತ ಮಕ್ಕಳಲ್ಲಿ ನಡೆದ ವಯಸ್ಸಿಗೂ ಮುಂದಿನ ಬುದ್ಧಿಮತ್ತೆಗೂ ಸಂಬಂಧ ಕಾಣಲಿಲ್ಲ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ನೆಲದಲ್ಲಿ ಸಣ್ಣ ಗುಂಡಿ ತೋಡಿ ಮಗುವನ್ನು ಅದರಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು, ನಡಿಗೆಯನ್ನೂ ಕಲಿಸುತ್ತಿದ್ದರು. ಅವರ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂಚೆ ಕೂತರು, ನಡೆದರು. ಯಾರೂ ಕಲಿಸದ ಅಂಬೆಗಾಲಿನಲ್ಲಿ ಮಾತ್ರ ಮುಂದಿರಲಿಲ್ಲ ಎಂದು 1970ರ ದಶಕದಲ್ಲೇ ಚಾರ್ಲ್ಸ್ ಸೂಪರ್ ಎಂಬ ಸಂಶೋಧಕ ಬರೆದಿದ್ದಾರೆ. ಅಭ್ಯಾಸದಿಂದ ಒಂದು ತಿಂಗಳು ಹಿಂದೆಮುಂದೆ ಆಗುವ ವಿಷಯಕ್ಕೆ ನಾದಿನಿ-ಅತ್ತಿಗೆಯರ ನಡುವೆ ಮುಖ ಕೆಡುವುದು ಬೇಡ.

ಮಾತಿನ ಲೆಕ್ಕವನ್ನೂ ನೀವು ತೀರಾ ಕಟ್ಟುನಿಟ್ಟಾಗಿ ಹಿಡಿದಿದ್ದೀರಿ ಅನಿಸುತ್ತದೆ. ಅಮ್ಮ, ತಾತ ಎರಡೇ ಅಂದಿರಿ. ಅನ್ನಕ್ಕೆ ‘ಬುವ್ವ’ ಅನ್ನುವುದಿಲ್ಲವೇ? ಹಸು ಕಂಡರೆ ‘ಅಂಬಾ’, ನಾಯಿಗೆ ‘ಬೌ’, ಮಲಗಲು ‘ತಾಚಿ’? ಇವೆಲ್ಲ ಮಾತೇ. ಒಂದೇ ವಸ್ತುವಿಗೆ ಪ್ರತಿಸಲವೂ ಅದೇ ಸದ್ದು ಬಳಸಿದರೆ ಅದು ಪದ, ನಿಘಂಟಿನಲ್ಲಿ ಇಲ್ಲದಿದ್ದರೂ ಸರಿ. ನೀರಿಗೆ ‘ಈಈ’ ಅಂದರೂ ದಿನವೂ ನೀರಿಗೇ ಅಂದರೆ ಲೆಕ್ಕಕ್ಕೆ ಸೇರಿಸಿ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿಸಬೇಕು. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಇಂಗ್ಲಿಷ್ ಶಾಲೆಗೆ ಹೋಗಬೇಕಲ್ಲ ಎಂದು ಮನೆಮಾತನ್ನು ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು. ನಿಮಗೇ ಸಲೀಸಲ್ಲದ ಭಾಷೆಯಲ್ಲಿ ಮಗುವನ್ನು ಮುದ್ದು ಮಾಡುವುದು ಹೇಗೆ?

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ನನ್ನ ಮಗನಿಗೆ ಒಂದೂವರೆ ವರ್ಷವಾಗಿದ್ದಾಗ ಕರೆದರೆ ತಿರುಗುವುದು ಕಡಿಮೆಯಾಗಿತ್ತು. ದಿನವಿಡೀ ಊರ ಮಕ್ಕಳನ್ನು ನೋಡುವ ನಾನು ‘ಆಟದ ಧ್ಯಾನ’ ಅಂದುಕೊಂಡೆ. ಗಮನಿಸಿದ್ದು ನನ್ನ ಅತ್ತೆ. ‘ಬೆನ್ನ ಹಿಂದೆ ನಿಂತು ಡಬ್ಬಿ ಮುಚ್ಚಳ ಬೀಳಿಸಿದೆ, ಬೆಚ್ಚಲೇ ಇಲ್ಲ’ ಅಂದರು. ಮೇಲಿಂದ ಮೇಲೆ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ನಿಂತಿತ್ತು. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಯಿತು, ಆದರೆ ಅಷ್ಟು ದಿನ ಅವನು ನೀರೊಳಗೆ ಮುಳುಗಿದವನ ಹಾಗೆ ನಮ್ಮ ಮಾತು ಕೇಳಿಸಿಕೊಂಡಿದ್ದ. ಅಂದಿನಿಂದ, ಮಾತು ತಡ ಎಂದು ಯಾರೇ ಬರಲಿ, ಮೊದಲು ಕಿವಿ. ನಿಮ್ಮ ಮಗಳಂತೆ ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಇದು ಇನ್ನೂ ಮುಖ್ಯ. ಹುಟ್ಟಿದಾಗ ಶ್ರವಣ ಪರೀಕ್ಷೆ ಆಗಿತ್ತೇ, ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಆಗಿರದಿದ್ದರೆ, ಪದ ಎಷ್ಟೇ ಇರಲಿ, ಈಗ ಮಾಡಿಸಿ. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಬಹಳ ದೂರವೇನಲ್ಲ. ತಟ್ಟೆ ಬಡಿದು ಮನೆಯಲ್ಲಿ ಪರೀಕ್ಷೆ ಮಾಡಿದೆವು ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ನನ್ನ ಅತ್ತೆಗೆ ಅನುಮಾನ ಬಂದದ್ದು ಹಾಗೆ, ನಿಜ. ಆದರೆ ದೊಡ್ಡ ಸದ್ದಿಗೆ ಬೆಚ್ಚುವ ಮಗುವಿಗೂ ಮೆಲುಮಾತು ಕೇಳದೇ ಇರಬಹುದು.

ಈಗ ಊಟ ಮತ್ತು ಮೊಬೈಲ್. ಇವನ್ನು ಬೇರೆ ಬೇರೆ ವಿಷಯ ಅಂದುಕೊಳ್ಳಬೇಡಿ.

ಹಿಂದೆ ಅಜ್ಜಿಯರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳಕ್ಕೋ ತಾರಸಿಗೋ ಹೋಗಿ ತುತ್ತು ಕೊಡುತ್ತಿದ್ದರು. ‘ಅಗೋ ಚಂದಮಾಮ, ಎಲ್ಲಿ ಚಂದಮಾಮ?’ ಅಂದರೆ ಮಗು ಮೇಲೆ ನೋಡಿ ಬೆರಳು ಚಾಚುತ್ತಿತ್ತು, ಬಾಯಿ ತೆರೆದಾಗ ತುತ್ತು ಒಳಗೆ. ನಾವು ಈಗ ಥೆರಪಿ ಕೋಣೆಯಲ್ಲಿ ಗೊಂಬೆ, ಸೋಪಿನ ಗುಳ್ಳೆ ಇಟ್ಟುಕೊಂಡು ಮಾಡಿಸುವ ಅಭ್ಯಾಸ ಇದೇ: ಮಗು, ಅಜ್ಜಿ, ಚಂದ್ರ, ಈ ಮೂರರ ನಡುವೆ ನೋಟ ಓಡಾಡಬೇಕು. ಮೊಬೈಲ್ ಇಟ್ಟ ಕ್ಷಣ ಮೂರು ಎರಡಾಗುತ್ತದೆ. ಮಗು ಮತ್ತು ಪರದೆ. ಅಜ್ಜಿ ಬರೀ ಚಮಚ. ಚಂದ್ರ ಸುಮ್ಮನಿರುತ್ತಾನೆ, ಹಾಗಾಗಿ ಅಜ್ಜಿ ಮಾತಾಡಬೇಕಾಗುತ್ತದೆ. ಪರದೆ ಸುಮ್ಮನಿರುವುದೇ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆಯೂ ಎರಡು ವರ್ಷದವರೆಗೆ ಪರದೆ ಬೇಡ ಎಂದೇ. ದೂರದ ಊರಿನ ಅಪ್ಪನೋ ಅಜ್ಜಿಯೋ ವಿಡಿಯೋ ಕರೆಯಲ್ಲಿ ಮಾತಾಡುವುದಕ್ಕೆ ಅಡ್ಡಿಯಿಲ್ಲ. ಮೂರು ದಿನ ಅಳುತ್ತಾಳೆ, ನಾಲ್ಕು ತುತ್ತು ಕಡಿಮೆ ತಿನ್ನುತ್ತಾಳೆ. ಆಗಲಿ.

ಹಾಲಿನ ವಿಷಯ ನನಗೆ ನಡಿಗೆಗಿಂತ ಹೆಚ್ಚು ಚಿಂತೆ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆಂಬಷ್ಟು ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಬೇಗ ಹುಟ್ಟಿದವರು ಕಬ್ಬಿಣದ ದಾಸ್ತಾನು ತುಂಬಿಕೊಳ್ಳುವ ಮೊದಲೇ ಹೊರಬಂದಿರುತ್ತಾರೆ. ಕಬ್ಬಿಣ ಕಡಿಮೆಯಾದ ಮಗು ಮಂಕಾಗಿರುತ್ತದೆ, ಕಿರಿಕಿರಿ ಮಾಡುತ್ತದೆ, ಆಟ ಕಡಿಮೆಯಾಗುತ್ತದೆ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಬಾಟಲಿ ಬಿಡಿಸಿ ಲೋಟಕ್ಕೆ ಬನ್ನಿ. ನಿಮ್ಮದು ಸಸ್ಯಾಹಾರದ ಮನೆಯಾಗಿದ್ದು, ಬಸುರಿಯಲ್ಲೂ ಬಾಣಂತನದಲ್ಲೂ ನೀವು ಹಾಲು ಮೊಸರು ಸರಿಯಾಗಿ ತೆಗೆದುಕೊಂಡಿರದಿದ್ದರೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಕೇಳಿ. ಎದೆಹಾಲೇ ಆಧಾರವಾದ ಮಗುವಿಗೆ ತಾಯಿಯ ಬಿ12 ಕೊರತೆ ದಾಟಿ, ಕಲಿತ ನಗು, ಕಲಿತ ಕೂರುವಿಕೆ ಹಿಂದಕ್ಕೆ ಹೋಗುವುದನ್ನು ನಾವು ಈಗಲೂ ನೋಡುತ್ತೇವೆ. ಬೇಗ ಹಿಡಿದರೆ ಒಂದು ಚುಚ್ಚುಮದ್ದಿನ ಸಾಲಿನಲ್ಲಿ ಮಗು ಅರಳುವುದನ್ನೂ ನೋಡುತ್ತೇವೆ. ಕಬ್ಬಿಣದ ಸಿರಪ್ಪು ಆಶಾ ಕಾರ್ಯಕರ್ತೆಯ ಹತ್ತಿರವೇ ಸಿಗುತ್ತದೆ, ವಾರಕ್ಕೆ ಎರಡು ಸಲ 1 ಮಿ.ಲೀ. ಆದರೆ ಅದು ಎಲ್ಲ ಮಕ್ಕಳಿಗೂ ಕೊಡುವ ಪ್ರಮಾಣ. ಬೇಗ ಹುಟ್ಟಿದವಳಿಗೆ ಎಷ್ಟು ಸಾಕು ಎಂಬುದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರೇ ಹೇಳಲಿ.

ಕೆಲಸಕ್ಕೆ ಹೋದದ್ದು ತಪ್ಪೇ? ಅಲ್ಲ. ಏಳನೇ ತಿಂಗಳಿಗೆ ತಾಯಿ ಕೆಲಸಕ್ಕೆ ಹೋದರೆ ಮಗು ಕುಂಡೆ ತೆವಳುವುದಿಲ್ಲ. ಈ ಪ್ರಶ್ನೆಯನ್ನು ಮಗುವಿನ ಅಪ್ಪ ಒಬ್ಬನೂ ಇದುವರೆಗೆ ನನಗೆ ಬರೆದಿಲ್ಲ.

ಹಾಗಾದರೆ ಯಾವಾಗ ಕಾಯಬಾರದು? ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ವರ್ಷ ತುಂಬಿದರೂ ಬಬ್ಬಬ್ಬ ದದ್ದದ್ದ ಎಂಬ ಸದ್ದುಗಳೂ ಇಲ್ಲ, ಟಾಟಾ ಮಾಡುವುದೂ ಇಲ್ಲ ಎಂದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ‘ಬುವ್ವ ಬೇಡ’ದಂಥ ಎರಡು ಪದದ ಜೋಡಣೆ ಇಲ್ಲದಿದ್ದರೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದದ್ದು ನಿಂತುಹೋದರೆ. ನಿನ್ನೆವರೆಗೆ ಟಾಟಾ ಮಾಡುತ್ತಿದ್ದ ಮಗು ಅದನ್ನು ಬಿಟ್ಟಿದೆ, ಹೇಳುತ್ತಿದ್ದ ಪದ ಮರೆತಿದೆ ಎಂದರೆ ಆ ವಾರವೇ ಹೋಗಬೇಕು. ‘ಅವರಪ್ಪನೂ ಮಾತು ತಡ’ ಎಂಬ ಸಮಾಧಾನ ಅಲ್ಲಿ ಸಲ್ಲದು. ಖಾಸಗಿಯಾಗಿ ಹೋಗಲು ಆಗದವರಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, 2013ರಿಂದ. ಅಂಗನವಾಡಿಗೆ ಬರುವ ಅದರ ತಂಡ ನೋಡಿ, ಬೇಕಿದ್ದರೆ ಜಿಲ್ಲೆಯ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸುತ್ತದೆ. ನಿಮ್ಮ ತಾಯಿ ಕಾರ್ಡಿನೊಳಗೂ ಯಾವ ತಿಂಗಳಿಗೆ ಏನು ಎಂಬುದರ ಚಿತ್ರಗಳಿವೆ. ಚುಚ್ಚುಮದ್ದಿನ ಪುಟ ಬಿಟ್ಟು ಆ ಪುಟ ತೆಗೆದು ನೋಡಿದವರನ್ನು ನಾನು ಬೆರಳಲ್ಲಿ ಎಣಿಸಬಹುದು.

ನೋಟ್‌ಬುಕ್ ಮುಚ್ಚಬೇಡಿ, ಬರೆಯುವ ರೀತಿ ಬದಲಿಸಿ. ‘ಮೊದಲ ಹಲ್ಲು, ಮಾರ್ಚ್ 3’ ಎಂಬ ಸಾಲು ನನಗೆ ಹೆಚ್ಚೇನೂ ಹೇಳುವುದಿಲ್ಲ. ‘ಅಪ್ಪನ ಬೈಕಿನ ಸದ್ದಿಗೆ ಬಾಗಿಲ ಕಡೆ ತೆವಳಿದಳು, ಅರ್ಧ ದಾರಿಯಲ್ಲಿ ನಿಂತು ನನ್ನನ್ನು ತಿರುಗಿ ನೋಡಿದಳು’ ಎಂದು ಬರೆದಿದ್ದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ: ಕಿವಿ ಕೇಳುತ್ತಿದೆ, ಸದ್ದಿಗೂ ಅಪ್ಪನಿಗೂ ನಂಟು ಗೊತ್ತಾಗಿದೆ, ಖುಷಿಯಲ್ಲಿ ನಿಮ್ಮನ್ನು ಸೇರಿಸಿಕೊಂಡಿದ್ದಾಳೆ. 16 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾದ ಎರಡನೇ ಚುಚ್ಚುಮದ್ದಿಗೆ ಹೇಗೂ ಹೋಗುತ್ತೀರಿ. ಆ ಪುಸ್ತಕವನ್ನೂ ಒಯ್ದು, ಚುಚ್ಚಿಸಿಕೊಂಡು ಓಡಿಬರದೆ, ವೈದ್ಯರನ್ನು ಹತ್ತು ನಿಮಿಷ ಕೇಳಿ. ರಕ್ತ ಪರೀಕ್ಷೆಗೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ, ಈ ತಿಂಗಳೇ ಆಗಲಿ.

ಕೊನೆಗೆ ಆ ವಾಕರ್. ನ್ಯೂಯಾರ್ಕಿನಲ್ಲಿ ಕ್ಯಾರೆನ್ ಅಡಾಲ್ಫ್ ಎಂಬ ವಿಜ್ಞಾನಿಯ ತಂಡ 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ಕೂತು ಎಣಿಸಿತು: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳುವಿಕೆ. ಬಿದ್ದು ಎದ್ದೇ ನಡಿಗೆ. ವಾಕರ್ ಆ ಬೀಳುವುದನ್ನೇ ಕಸಿದುಕೊಳ್ಳುತ್ತದೆ, ತನ್ನ ಪಾದ ತನಗೆ ಕಾಣದ ಹಾಗೆ ಮಾಡುತ್ತದೆ, ತುದಿಗಾಲಲ್ಲಿ ನೂಕುವುದನ್ನು ಕಲಿಸುತ್ತದೆ. ಮೆಟ್ಟಿಲಿಂದ ಉರುಳುವುದು, ಒಲೆಯ ಮೇಲಿನದಕ್ಕೆ ಕೈ ಎಟುಕುವುದು ಬೇರೆ. ಕೆನಡಾ ದೇಶ 2004ರಲ್ಲೇ ಇದರ ಮಾರಾಟವನ್ನು ನಿಷೇಧಿಸಿದೆ. ಚನ್ನಪಟ್ಟಣದ ಕಡೆಯ ಮರದ ನೂಕುಗಾಡಿ ಬೇರೆ. ಅದನ್ನು ಹಿಡಿದು ನಿಲ್ಲಬೇಕಾದ್ದು ಮಗುವೇ, ಅದು ಧಾರಾಳವಾಗಿ ಇರಲಿ. ಮೈದುನನಿಗೆ ಬೇಜಾರಾಗದ ಹಾಗೆ ನೀವೇ ಏನಾದರೂ ಹೇಳಿಕೊಳ್ಳಿ. ಗುಜರಿಯವನಿಗೆ ಹಾಕುವಾಗ ಮಾತ್ರ ಗಾಲಿ ಕಿತ್ತು ಹಾಕಿ, ಇಲ್ಲದಿದ್ದರೆ ಅದು ಇನ್ನೊಂದು ಮಗುವಿರುವ ಮನೆ ಸೇರುತ್ತದೆ.